ಬಿಲ್ ಆಫ್ ಲೇಡಿಂಗ್: ಲೇಡಿಂಗ್ ಅಂದರೆ ಲೋಡಿಂಗೇ?

ಪ್ರಶ್ನೆ: ಮೇಡಂ, ಮಂಗಳೂರಿನ ಒಂದು ಶಿಪ್ಪಿಂಗ್ ಆಫೀಸಿಗೆ ಹೊಸದಾಗಿ ಸೇರಿದ್ದೇನೆ. ದಿನಾ ಕೈಗೆ ಬರುವ ಕಾಗದ ಬಿಲ್ ಆಫ್ ಲೇಡಿಂಗ್, ಅಂದರೆ ಸಾಗಿಸಲು ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ರಸೀದಿ ಪತ್ರ. ಸ್ಪೆಲ್ಲಿಂಗ್ ತಪ್ಪಿದೆ ಅಂದುಕೊಂಡು ಒಂದು ಡ್ರಾಫ್ಟಿನಲ್ಲಿ ‘ಲೋಡಿಂಗ್’ ಎಂದು ತಿದ್ದಿದೆ. ಸೀನಿಯರ್ ಮತ್ತೆ ‘ಲೇಡಿಂಗ್’ ಮಾಡಿಸಿದರು. ಇದು ಲೋಡಿಂಗ್‌ನ ಹಳೆಯ ರೂಪವೇ?

ಉತ್ತರ (ಇಂಗ್ಲಿಷ್ ಭಾಷೆಯ ಚರಿತ್ರೆ ಕಲಿಸುವವರು): ಅಲ್ಲ, ಎರಡೂ ಹುಟ್ಟಿನಿಂದಲೇ ಬೇರೆ ಪದಗಳು. ‘ಲೇಡ್’ ಹಳೆಯ ಕ್ರಿಯಾಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಹ್ಲಡನ್’. ಹೇರು, ರಾಶಿ ಹಾಕು ಎಂಬ ಅರ್ಥ. ಆಮೇಲೆ ಮೊದಲಿನ ಹಕಾರ ಬಿದ್ದುಹೋಯಿತು. ಬ್ರೆಡ್ಡಿನ ‘ಲೋಫ್’ ಕೂಡ ಹಿಂದೆ ‘ಹ್ಲಾಫ್’ ಆಗಿತ್ತು.

ಲೋಡ್ ಬಂದದ್ದು ‘ಲಾಡ್’ ಎಂಬ ನಾಮಪದದಿಂದ. ಅದಕ್ಕೆ ದಾರಿ, ಪಯಣ, ಸಾಗಿಸುವುದು ಎಂಬ ಅರ್ಥ. ಮುಂದೆ ನಿಂತು ನಡೆಸುವ ‘ಲೀಡ್’ ಅದರ ನಂಟ. ದಾರಿ ತೋರುವ ಧ್ರುವ ನಕ್ಷತ್ರವನ್ನು ‘ಲೋಡ್‌ಸ್ಟಾರ್’ ಅನ್ನುವುದು ಅದಕ್ಕೇ. ಅಲ್ಲಿ ಹೊರೆಯ ಮಾತೇ ಇಲ್ಲ! ಲೇಡ್‌ಗೆ ಸದ್ದಿನಲ್ಲೂ ಬಳಕೆಯಲ್ಲೂ ಹತ್ತಿರ ಇದ್ದದ್ದರಿಂದ ಲೋಡ್‌ಗೂ ಹೊರೆಯ ಅರ್ಥ ಅಂಟಿಕೊಂಡಿತು. ಸುಮಾರು 1500ರ ಹೊತ್ತಿಗೆ ಅದೇ ಕ್ರಿಯಾಪದವೂ ಆಯಿತು, ನಿಧಾನವಾಗಿ ಲೇಡ್‌ನ ಜಾಗ ಹಿಡಿಯಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಪ್ರಾಣಿಗಳ ಮೇಲೆ ಹೊರೆ ಹೇರುವುದಕ್ಕೆ ಇನ್ನೂ ಲೇಡ್ ಇದೆ.

ಹಡಗಿನವರು ಮಾತ್ರ ಹಳೆಯ ಪದ ಬಿಡಲಿಲ್ಲ. ನಮ್ಮ ದೇಶದ 1856ರ ಕಾಯ್ದೆಯ ಹೆಸರಿನಲ್ಲೂ ಲೇಡಿಂಗ್ ಇತ್ತು. ಅದರ ಬದಲಿಗೆ ಬಂದ 2025ರ ಕಾಯ್ದೆಯಲ್ಲೂ ಅದೇ ಇದೆ. ನಿಮ್ಮ ಸೀನಿಯರ್ ಮಾಡಿದ್ದು ಸರಿ. ಸರಕು ತುಂಬಿದ ಕಂಟೇನರನ್ನು ನೀವು ‘ಲೇಡನ್’ ಅಂತೀರಲ್ವಾ? ಅದೂ ಇದೇ ಕ್ರಿಯಾಪದದ ರೂಪ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಸೌಟಿಗೆ ‘ಲೇಡಲ್’ ಅಂತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ, ಸುಮ್ನೆ ಹೋಲಿಕೆಯಾ?

ಉತ್ತರ: ಸಂಬಂಧ ಇದೆ. ಹ್ಲಡನ್‌ಗೆ ನೀರು ಮೊಗೆಯುವುದು ಎಂಬ ಅರ್ಥವೂ ಇತ್ತು. ಮೊಗೆಯುವ ಸೌಟು ಲೇಡಲ್ ಆಯಿತು. ಹೇರುವುದಕ್ಕೂ ಮೊಗೆಯುವುದಕ್ಕೂ ಒಂದೇ ಪದವಾ ಅಂತ ಆಶ್ಚರ್ಯ ಆಗಬಹುದು. ಆದರೆ ನಾವೂ ಗಾಡಿಗೆ ಹುಲ್ಲು ತುಂಬುತ್ತೇವೆ, ಕೊಡಕ್ಕೆ ನೀರು ತುಂಬುತ್ತೇವೆ. ಜರ್ಮನ್ನರ ಬಾಯಲ್ಲಿ ಇದೇ ಪದ ‘ಲಾಡನ್’. ಲಾರಿಗೆ ಸರಕು ಹೇರುವುದಕ್ಕೂ ಅದೇ, ಫೋನ್ ಚಾರ್ಜ್ ಮಾಡುವುದಕ್ಕೂ ಅದೇ.