ಸಹಾಯ ಬೇಕು: ಒಂದೇ ಸರ್ವರ್, ಎರಡು ಡೊಮೇನ್, ಎರಡನೆಯದರ ಮೇಲ್ ಮಾತ್ರ ಸ್ಪ್ಯಾಮ್‌ಗೆ

ನಮಸ್ಕಾರ. ಸಾಗರದಲ್ಲಿ ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಅದರ ಮೇಲ್‌ಗೆ ಅಂತ ಒಂದು ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ ಸಾಫ್ಟ್‌ವೇರ್) ಹಾಕಿದ್ದೇನೆ, 2 ವರ್ಷದಿಂದ ತಕರಾರಿಲ್ಲ. ಹೋದ ತಿಂಗಳು ತಮ್ಮನ ಹೋಮ್‌ಸ್ಟೇ ಡೊಮೇನನ್ನೂ ಅದಕ್ಕೇ ಸೇರಿಸಿದೆ, ಅಲ್ಲಿಂದ ಶುರು ತಲೆನೋವು. ತಟ್ಟೆ ಬಿಲ್ ನೆಟ್ಟಗೆ ಇನ್‌ಬಾಕ್ಸ್‌ಗೆ ಹೋಗುತ್ತದೆ, ಹೋಮ್‌ಸ್ಟೇ ಬುಕಿಂಗ್ ಮೇಲ್ ಮಾತ್ರ ಸ್ಪ್ಯಾಮ್‌ಗೆ.

ಎರಡನೇ ಡೊಮೇನ್‌ನ ಎಸ್‌ಪಿಎಫ್‌ನಲ್ಲೂ (ಆ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಸರ್ವರ್ ಐಪಿ ಹಾಕಿದೆ, ಬೇರೆ ಡಿಕಿಮ್ ಕೀ (ಮೇಲ್‌ನ ಡಿಜಿಟಲ್ ಸಹಿಗೆ ಬೇಕಾದ ಕೀ) ಮಾಡಿ ಡಿಎನ್‌ಎಸ್‌ಗೆ (ಡೊಮೇನ್‌ನ ದಾಖಲೆಗಳಿಗೆ) ಸೇರಿಸಿದೆ, ಆ ಸಹಿ ಹಾಕುವ ಓಪನ್‌ಡಿಕಿಮ್ ಸಾಫ್ಟ್‌ವೇರ್ ರೀಸ್ಟಾರ್ಟ್ ಕೂಡ ಮಾಡಿದೆ. ನನಗೇ ಒಂದು ಮೇಲ್ ಕಳಿಸಿಕೊಂಡು ಹೆಡರ್ ತೆಗೆದು ನೋಡಿದರೆ ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಆದರೂ ಡಿಮಾರ್ಕ್ (ಆ ಎರಡರಲ್ಲಿ ಒಂದಾದರೂ ಕಳಿಸಿದವರ ವಿಳಾಸದ ಡೊಮೇನ್‌ಗೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಫೇಲ್! ಸಹಿಯ 'ಡಿ=' (ಸಹಿ ಹಾಕಿದ ಡೊಮೇನ್) ಜಾಗದಲ್ಲಿ ತಟ್ಟೆ ಡೊಮೇನ್ ಹೆಸರೇ ಕೂತಿದೆ, ರಿಟರ್ನ್-ಪಾತ್‌ನಲ್ಲೂ (ತಲುಪದ ಮೇಲ್ ವಾಪಸ್ ಬರುವ ವಿಳಾಸ) ಅದೇ.

ಹೋಸ್ಟಿಂಗ್‌ನವರನ್ನು ಕೇಳಿದರೆ ಒಂದು ಐಪಿಗೆ ಒಂದೇ ಪಿಟಿಆರ್ (ಐಪಿ ಯಾವ ಹೆಸರಿನದು ಅಂತ ಹೇಳುವ ದಾಖಲೆ), ಇನ್ನೊಂದು ಐಪಿ ತಗೊಳ್ಳಿ ಅಂತಾರೆ. ಸುಮ್ನೆ ದುಡ್ಡು ಖರ್ಚು ಮಾಡಿಸುತ್ತಿದ್ದಾರೆ ಅಂತ ನನ್ನ ಅನುಮಾನ.

ತೊಂದರೆ ನಿಜವಾಗಲೂ ಪಿಟಿಆರ್‌ನದ್ದಾ? ಇಲ್ಲ, ಓಪನ್‌ಡಿಕಿಮ್‌ನ ಸೈನಿಂಗ್‌ಟೇಬಲ್‌ನಲ್ಲಿ (ಯಾವ ಡೊಮೇನ್‌ಗೆ ಯಾವ ಕೀ ಅನ್ನುವ ಪಟ್ಟಿ) ಎರಡನೇ ಡೊಮೇನ್‌ಗೆ ಒಂದು ಸಾಲು ಸೇರಿಸಿ, ಬುಕಿಂಗ್ ಫಾರ್ಮ್‌ನ ರಿಟರ್ನ್-ಪಾತ್ ಬದಲಿಸಿದರೆ ಸಾಕಾ? ಒಂದೇ ಐಪಿಯಲ್ಲಿ ಎರಡು ಡೊಮೇನ್ ನಡೆಸುತ್ತಿರುವವರು ದಯವಿಟ್ಟು ಹೇಳಿ.