ಆರ್15 ಬಿಟ್ಟು 390 ಹತ್ತಿದೆ, ಸೀಸನ್ ಮುಗಿದ್ರೂ ಕೈಗೆ ಬಂದಿಲ್ಲ. ಅನುಭವ ಇದ್ದವರು ಹೇಳಿ

ಹೇಮಾವತಿ_58 (ಹಾಸನ)

ಎಲ್ಲರಿಗೂ ನಮಸ್ಕಾರ. ಯಮಹಾ ಆರ್15 ವಿ3ಯಲ್ಲಿ (150 ಕ್ಲಾಸಿನ ಬೈಕ್) ನೋವಿಸ್, ಅಂದ್ರೆ ಹೊಸಬರ ರೇಸ್, ಓಡಿಸುತ್ತಿದ್ದೆ. ಹೋದ ಸೀಸನ್ ಶುರುವಿಗೆ ಹಳೇ ಕೆಟಿಎಂ ಆರ್‌ಸಿ 390 ತಗೊಂಡೆ, ಟ್ರ್ಯಾಕಿಗೆ ಮಾತ್ರ. 19 ಪಿಎಸ್ ಗಾಡಿಯಿಂದ 43 ಪಿಎಸ್ ಗಾಡಿಗೆ ಬಂದ್ರೂ ಮದ್ರಾಸ್ ಟ್ರ್ಯಾಕಲ್ಲಿ ಲ್ಯಾಪ್ ಟೈಮ್ ಇಳಿದಿದ್ದು ನಾಲ್ಕೇ ಸೆಕೆಂಡ್. ಅದೂ ಪೂರ್ತಿ ಸ್ಟ್ರೇಟಲ್ಲಿ ಸಿಕ್ಕಿದ್ದು. ತಿರುವಿನ ಒಳಗೆ ಹಳೇ ಗಾಡಿಗಿಂತ ನಿಧಾನ ಇದ್ದೀನಿ. ಜೋರು ಬ್ರೇಕ್ ಹಿಡಿದು ಗೇರ್ ಇಳಿಸಿದ್ರೆ ಹಿಂದಿನ ಚಕ್ರ ಕುಣಿಯುತ್ತೆ. ಗೇರಿಂಗ್ ಸ್ಟಾಕ್, ಕಂಪನಿ ಕೊಟ್ಟಿದ್ದೇ. ಹಿಂದಿನ ಶಾಕಲ್ಲಿ ಪ್ರಿಲೋಡ್ (ಸ್ಪ್ರಿಂಗ್ ಮೊದಲೇ ಎಷ್ಟು ಒತ್ತಿಡಬೇಕು ಅನ್ನೋದು) ಬಿಟ್ಟು ಬೇರೇನೂ ತಿರುಗಿಸೋಕೆ ಇಲ್ಲ. ನನ್ನ ತೂಕ 58 ಕೆಜಿ. ಮುಂದಿನ ಸೀಸನ್‌ಗೆ ಕೈಯಲ್ಲಿ 1.2 ಲಕ್ಷ ಇದೆ. ಇದರಲ್ಲೇ ಮುಂದುವರಿಯಲಾ, ಮಾರಿ 150ಗೆ ವಾಪಸ್ ಹೋಗಲಾ?

ಬಿಎಂ_ರೋಡ್_310 (ಹಾಸನ)

ಗುರು, ನಾನು ಅಪಾಚೆ ಆರ್‌ಆರ್ 310 ತಗೊಂಡವನು. 2019ರ ಮಾಡೆಲ್, ಸ್ಲಿಪ್ಪರ್ ಕ್ಲಚ್ (ಗೇರ್ ಇಳಿಸಿದಾಗ ಹಿಂದಿನ ಚಕ್ರದ ಮೇಲಿನ ಎಳೆತ ತಗ್ಗಿಸೋದು) ಬಂದಿದ್ದು. 1,35,000ಕ್ಕೆ ಬೆಂಗಳೂರಿಂದ ತಂದೆ. ಖರ್ಚು ಮುಗೀತು ಅಂದ್ಕೊಂಡೆ, ಆಮೇಲೆ ಶುರುವಾಯ್ತು. ಫೈಬರ್ ಫೇರಿಂಗ್ 18,000. ಅದಕ್ಕೆ ಪೇಂಟ್ 4,500. ರೇರ್‌ಸೆಟ್ (ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್) 9,000. ಮುಂದಿನ ಪ್ಯಾಡ್ ಮಾತ್ರ 3,800. ಸ್ಟಾಂಡ್ ಜೋಡಿ 4,000. ಟೈರ್ ಸೆಟ್ 21,000. ಲೆದರ್ ಸೂಟ್ ಸೆಕೆಂಡ್ ಹ್ಯಾಂಡ್ 24,000, ಮೊಣಕಾಲ ಹತ್ತಿರ ಹೊಲಿಗೆ ಬಿಟ್ಟಿತ್ತು. ಬಸ್‌ಸ್ಟಾಂಡ್ ಹತ್ತಿರ ಚಪ್ಪಲಿ ಹೊಲಿಯೋರ ಹತ್ತಿರ 150 ರೂಪಾಯಿ ಕೊಟ್ಟು ಹೊಲಿಸಿದೆ. ಆ ಹೊಲಿಗೆ ಇವತ್ತಿಗೂ ಗಟ್ಟಿ ಇದೆ, ಕಂಪನಿ ಹೊಲಿಗೆ ಎಲ್ಲಾ ಬಿಟ್ಟುಕೊಂಡಿದೆ.

ಆಮೇಲೆ ನೋಡು. ಇಲ್ಲೇ ಒಂದು ವರ್ಕ್‌ಶಾಪಲ್ಲಿ ಗಾಡಿ ರೆಡಿ ಮಾಡೋಕೆ ಬಿಟ್ಟಿದ್ದೆ. ರೇಡಿಯೇಟರಿಗೆ ಬರೀ ನೀರು, ಕೂಲಂಟ್ ಬೇಡ (ಟ್ರ್ಯಾಕ್ ಮೇಲೆ ಚೆಲ್ಲಿದ್ರೆ ಜಾರುತ್ತೆ) ಅಂತ ಚೀಟಿ ಬರೆದು ಟ್ಯಾಂಕಿಗೆ ಅಂಟಿಸಿ ಬಂದಿದ್ದೆ. ಚೀಟಿ ಹಾಗೇ ಇತ್ತು, ಒಳಗೆ ಹಸಿರು ಕೂಲಂಟ್ ಇತ್ತು. ರೇಸಿಗೆ ಮುಂಚಿನ ಗಾಡಿ ತಪಾಸಣೆಯಲ್ಲಿ (ಸ್ಕ್ರುಟಿನಿ) ಕ್ಯಾಪ್ ಬಿಚ್ಚಿದ ತಕ್ಷಣ ವಾಪಸ್ ಕಳಿಸಿದ್ರು. ಪಕ್ಕದ ಟೀಮಿಂದ ಬಕೆಟ್ ಇಸ್ಕೊಂಡು, ಫೇರಿಂಗ್ ಬಿಚ್ಚಿ, ಖಾಲಿ ಮಾಡಿ, ತೊಳೆದು, ನೀರು ತುಂಬಿಸಿ, ಬೋಲ್ಟ್ ಬಿಚ್ಚಿಕೊಳ್ಳದ ಹಾಗೆ ಹಾಕೋ ಲಾಕ್ ವೈರ್ ಮತ್ತೆ ಕಟ್ಟೋ ಹೊತ್ತಿಗೆ ಕ್ವಾಲಿಫೈಯಿಂಗ್ ಮುಗಿದಿತ್ತು. ಗ್ರಿಡ್ಡಿನ ಕೊನೇ ಸಾಲು. ಅವನಿಗೆ ಕೊಟ್ಟ 7,200 ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಅರ್ಧ ಸೀಸನ್ ಆರ್15 ಥರನೇ ಓಡಿಸಿದೆ. ಬ್ರೇಕ್ ಹಾಗೇ ಮುಟ್ಟಿ ಬಿಡೋದು, ವೇಗ ಒಳಗೆ ಎಳ್ಕೊಂಡು ಹೋಗೋದು. ಭಾರದ ಗಾಡಿ ಅದಕ್ಕೆ ಒಪ್ಪಲ್ಲ. ತಡವಾಗಿ, ಜೋರಾಗಿ ಬ್ರೇಕ್. ಬೇಗ ತಿರುಗಿಸು, ಬೇಗ ನೆಟ್ಟಗೆ ಮಾಡು, ಗ್ಯಾಸ್ ಕೊಡು. ಕೊನೇ ರೌಂಡಲ್ಲಿ ನಾಲ್ಕನೇ ಸ್ಥಾನ ಬಂದೆ. ಮಾರಬೇಡ.

ಕೈಮರ_ಕಾಫಿ (ಚಿಕ್ಕಮಗಳೂರು)

390 ಮಾರಿ 150ಗೆ ವಾಪಸ್ ಬಂದವನು ಇಲ್ಲಿ ನಾನೊಬ್ಬನೇ ಇರಬೇಕು. ಬರೆಯೋಕೆ ಮನಸ್ಸಿರಲಿಲ್ಲ. "ಮಾರಬೇಡ" ಅಂತ ಸುಲಭವಾಗಿ ಹೇಳೋದು ನೋಡಿ ಬರೀತಿದ್ದೀನಿ.

ಕಾಫಿ ಬಿಲ್ ಬಂದ ವಾರ ಗಾಡಿ ತಗೊಂಡೆ. ಚಿಕ್ಕಮಗಳೂರಿಂದ ಮದ್ರಾಸ್ ಟ್ರ್ಯಾಕ್ ಇರೋ ಶ್ರೀಪೆರಂಬದೂರಿಗೆ ಬೊಲೆರೊ ಪಿಕಪ್, ಡ್ರೈವರ್ ಬಾಟಾ, ಟೋಲ್ ಸೇರಿ ಒಂದು ಸಲಕ್ಕೆ 23,000. ಆರ್15ನಲ್ಲಿ ಒಂದು ಸೆಟ್ ಟೈರಲ್ಲಿ ಸೀಸನ್ ದಾಟಿಸ್ತಿದ್ದೆ. 390ರಲ್ಲಿ ಹಿಂದಿನ ಟೈರಿನ ಬಲಗಡೆ ಅಂಚು ಎರಡು ವೀಕೆಂಡಿಗೆ ಹರಿದು ಹೋಗ್ತಿತ್ತು. ಎಡಗಡೆ ನೋಡಿದ್ರೆ ಶೋರೂಮಿಂದ ತಂದ ಹಾಗೆ. ಅರ್ಧ ಟೈರ್ ಹೊಸದು ಇಟ್ಕೊಂಡು 12,500 ಎಸೀಬೇಕು.

ಆಮೇಲೆ ಬಿದ್ದೆ. ಬೆಳಗಿನ ಮೊದಲ ಸೆಷನ್. ಟೈರ್ ಬಿಸಿ ಮಾಡೋ ವಾರ್ಮರ್ ಬಾಡಿಗೆಗೆ ತಗೊಂಡಿದ್ದೆ, ಒಂದು ಕಡೆ ಬಿಸಿನೇ ಆಗ್ತಿರಲಿಲ್ಲ. ಬಾಡಿಗೆ ಕೊಟ್ಟವನು "ಆಗುತ್ತೆ ಬಿಡಿ ಸಾರ್" ಅಂದ. ಥ್ರಾಟಲ್ ಕೊಟ್ಟ ಕೂಡಲೇ ಹಿಂದೆ ಜಾರಿತು, ಮತ್ತೆ ಹಿಡೀತು, ನನ್ನನ್ನ ಮೇಲಿಂದ ಎಸೀತು. ಕಾಲರ್ ಬೋನ್. ಪ್ಲೇಟ್ ಹಾಕಿದ್ದಕ್ಕೆ 68,000. ಗಾಡಿ ಇನ್ಶೂರೆನ್ಸಲ್ಲಿ ರೇಸ್ ಕವರ್ ಆಗಲ್ಲ, ಗೊತ್ತಲ್ಲ. ಹಣ್ಣು ಕುಯ್ಯೋ ಟೈಮಲ್ಲಿ ತೋಟಕ್ಕೆ ಆಳು ಸಿಗಲ್ಲ, ನಾನು ಕೈ ಕಟ್ಟಿಸಿಕೊಂಡು ಕಣದ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ವಾಸಿ ಇತ್ತು.

ಈಗ ಆರ್15 ಇದೆ. ಖುಷಿಯಾಗಿದ್ದೀನಿ. ಮದ್ರಾಸ್ ಟ್ರ್ಯಾಕಿನ ಸಿ1 ಅನ್ನೋ ಬಲ ತಿರುವಲ್ಲಿ ಥ್ರಾಟಲ್ ಬಿಡದೆ ಹೋಗೋ ಸುಖ ನಿಮ್ಮ ದೊಡ್ಡ ಗಾಡಿಯಲ್ಲಿ ಇಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕಲ್ಲಂತೂ 310 ಅವರನ್ನ ತಿರುವಲ್ಲಿ ಹಿಂದೆ ಹಾಕಿದ್ದೀನಿ.

ಬಿಎಂ_ರೋಡ್_310

ಟ್ರ್ಯಾಕ್ ಡೇನಲ್ಲಿ ಯಾರೋ ಫೋಟೋಗೆ ಓಡಿಸ್ತಿದ್ದವನನ್ನ ಹಿಂದೆ ಹಾಕಿರ್ತೀರಿ. ಅದು ರೇಸ್ ಅಲ್ಲ ಸ್ವಾಮಿ. ಕರಿ ಟ್ರ್ಯಾಕ್ ಎರಡು ಕಿಲೋಮೀಟರ್ ಚಿಲ್ಲರೆ, ಸಣ್ಣ ಗಾಡಿಗೆ ಹೇಳಿ ಮಾಡಿಸಿದ್ದು. ಮದ್ರಾಸಿಗೆ ಬನ್ನಿ, ಮೂರೂಮುಕ್ಕಾಲು ಕಿಲೋಮೀಟರಲ್ಲಿ ನೋಡೋಣ.

ಕೈಮರ_ಕಾಫಿ

ಬರ್ತೀನಿ. ಪಿಕಪ್ ಬಾಡಿಗೆ ನೀವು ಕೊಡಿ.

ಟೂಸ್ಟ್ರೋಕ್_ರಾಯರು (ಚಿಕ್ಕಮಗಳೂರು)

ಮಕ್ಕಳಾ, ಫೇರಿಂಗ್ ಪೇಂಟು, ವಾರ್ಮರ್ ಬಾಡಿಗೆ ಅಂತ ಅಳ್ತಾ ಇದ್ದೀರಲ್ಲ. ಇರುಂಗಾಟ್ಟುಕೋಟೈ ಟ್ರ್ಯಾಕ್, ನೀವು ಹೇಳೋ ಮದ್ರಾಸ್ ಟ್ರ್ಯಾಕೇ, ಶುರುವಾಗಿದ್ದು 1990ರಲ್ಲಿ. ಅದಕ್ಕೂ ಮುಂಚೆ ಶೋಳಾವರಂ ಏರ್‌ಸ್ಟ್ರಿಪ್ಪಲ್ಲಿ ರೇಸ್ ನಡೀತಿದ್ದ ಕಾಲ ನೋಡಿದವನು ನಾನು. ಆಗ ವಾರ್ಮರ್ ಅಂದ್ರೆ ಬಿಸಿಲು.

ಹೊಸ ಗಾಡಿ ಕಲಿಯೋ ಕಷ್ಟ ನಿಮಗಿಂತ ನನಗೆ ಗೊತ್ತು. ಆರ್‌ಎಕ್ಸ್ 100ರಿಂದ 135ಕ್ಕೆ ಬಂದಿದ್ದೆ. ಪೋರ್ಟ್ ಕೆಲಸ, ಎಕ್ಸ್‌ಪ್ಯಾನ್ಶನ್ ಚೇಂಬರ್, ದೊಡ್ಡ ಕಾರ್ಬೊರೇಟರ್, ಎಲ್ಲಾ ಇಲ್ಲೇ ಆಗಿದ್ದು. ಮೇನ್ ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಹೋಗೋ ತೂತು) ನೋಡಿದವನು ಆ ಕಾಲಕ್ಕೆ ಊರಿಗೇ ಹೆಸರಾದ ಮೆಕ್ಯಾನಿಕ್. ಕಡೂರು ರೋಡಲ್ಲಿ ಓಡಿಸಿ, ಪ್ಲಗ್ ಬಿಚ್ಚಿ, "ನೋಡಿ ರಾಯರೇ, ಬಣ್ಣ ಸರಿಯಾಗಿ ಕಾಫಿ ಪುಡಿ" ಅಂತ ಕೈಗೆ ಕೊಟ್ಟ. ಪೆಟ್ರೋಲ್ ಅಳತೆ ಸರಿ ಇದೆ ಅಂತ ಅರ್ಥ. ಆದ್ರೆ ಅದು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿರೋ ಊರಿನ ಬಣ್ಣ. ಇಲ್ಲಿ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಮದ್ರಾಸಿಗೆ ಇಳಿದ್ರೆ ಗಾಳಿ ದಪ್ಪ, ಅದೇ ಜೆಟ್ಟಿಗೆ ಪೆಟ್ರೋಲ್ ಸಾಲಲ್ಲ, ಗಾಡಿ ಲೀನ್ ಆಗುತ್ತೆ. ಟೂ ಸ್ಟ್ರೋಕಿಗೆ ಪೆಟ್ರೋಲ್ ಕಮ್ಮಿ ಆಯ್ತು ಅಂದ್ರೆ ತಂಪೂ ಕಮ್ಮಿ. "ಅಲ್ಲಿಗೆ ದೊಡ್ಡ ಜೆಟ್ ಬೇಡ್ವೇನಪ್ಪಾ" ಅಂತ ಕೇಳಿದ್ದೆ. "ಬೇಡ, ಜೋರು ಎಳೆಯುತ್ತೆ ನೋಡಿ" ಅಂದ. ಎಳೀತು, ನಿಜ. ಸ್ಟ್ರೇಟಿನ ಕೊನೆಯಲ್ಲಿ ಟಕ್ ಅಂತ ಸೀಜ್, ಎಂಜಿನ್ ಕಚ್ಚಿ ನಿಂತಿತು. ಕ್ಲಚ್ ಮೇಲೆ ಎರಡು ಬೆರಳು ಇದ್ದಿದ್ದಕ್ಕೆ ಇವತ್ತು ಬರೀತಿದ್ದೀನಿ. ಪಿಸ್ಟನ್ ಬೋರಿಗೆ ಅಂಟಿಕೊಂಡಿತ್ತು, ಮರದ ತುಂಡಿಟ್ಟು ಬಡಿದು ತೆಗೆದ್ವಿ.

ನಿಮಗೆ ಇಂಜೆಕ್ಷನ್ ಇದೆ. ಇಸಿಯು ಗಾಳಿ ಅಳೆದು ಪೆಟ್ರೋಲ್ ಕೊಡುತ್ತೆ. ಇನ್ನೇನು ಬೇಕು?

ಚಾರ್ಮಾಡಿ_ಬೆಳಿಗ್ಗೆ_6 (ಮೂಡಿಗೆರೆ)

ಇಷ್ಟೆಲ್ಲ ಖರ್ಚು ಯಾಕೆ ಮಾರಾಯ್ರೆ? ಬೆಳಿಗ್ಗೆ ಬೇಗ ಕೊಟ್ಟಿಗೆಹಾರದಿಂದ ಕೆಳಗೆ ಇಳಿದು ಹತ್ತಿ, ಗಾಡಿ ತಾನಾಗಿ ಕೈಗೆ ಬರುತ್ತೆ. ನಾನು 390 ಕಲಿತಿದ್ದು ಹಾಗೇ. ಹೇರ್‌ಪಿನ್ನಲ್ಲಿ ಮೊಣಕಾಲು ತಾಗಿಸ್ತೀನಿ.

ಪಿಟ್_ಬೋರ್ಡ್ (ಸಕಲೇಶಪುರ)

ತಾಗಿಸಿ. ಎದುರಿಗೆ ಧರ್ಮಸ್ಥಳದ ಬಸ್ ಬಂದಾಗ ಏನು ತಾಗುತ್ತೆ ಅಂತಾನೂ ಬರೀರಿ. ಆ ಘಾಟಲ್ಲಿ ಮಂಜು, ಪಾಚಿ, ಕಲ್ಲು, ದನ. ರೇಸ್ ಬಗ್ಗೆ ಕೇಳಿದ ಹುಡುಗನಿಗೆ ಇಂಥಾ ಸಲಹೆ ಕೊಡೋಕೆ ಬೆರಳು ಹೇಗೆ ಬರುತ್ತೆ ನಿಮಗೆ?

ಚಾರ್ಮಾಡಿ_ಬೆಳಿಗ್ಗೆ_6

ಅನುಭವ ಹೇಳಿ ಅಂದ್ರು, ಹೇಳಿದೆ. ಎಲ್ಲರ ಹತ್ತಿರ ಲಕ್ಷ ಲಕ್ಷ ಇರಲ್ಲ ಮೇಡಂ.

ಪಿಟ್_ಬೋರ್ಡ್

ನನ್ನ ಹತ್ತಿರಾನೂ ಇರಲಿಲ್ಲ. ಹಾಸನದಲ್ಲಿ ಕ್ಲಾರ್ಕ್ ಕೆಲಸ ನನ್ನದು. ಸೂಟ್ ಚೀಟಿ ಹಣದಲ್ಲಿ ತಗೊಂಡಿದ್ದು.

ಈಗ ಗಾಡಿ ವಿಷಯ. ನನ್ನದೂ ಹಳೇ 390. ನನ್ನ ತೂಕ 52. ಮೊದಲ ಅರ್ಧ ಸೀಸನ್ ಪೂರ್ತಿ "ಇನ್ನೂ ಧೈರ್ಯ ಬೇಕು", "ಹುಡುಗೀರಿಗೆ ಈ ಗಾಡಿ ಭಾರ" ಅಂತ ಕೇಳಿ ಕೇಳಿ ಸಾಕಾಗಿತ್ತು. ಒಬ್ಬರೂ ಸ್ಯಾಗ್, ಅಂದ್ರೆ ರೈಡರ್ ಕೂತಾಗ ಗಾಡಿ ಹಿಂದೆ ಎಷ್ಟು ಕುಸಿಯುತ್ತೆ ಅಂತ, ಅಳೆಯಲಿಲ್ಲ. ಕೊನೆಗೆ ಮನೆ ಅಂಗಳದಲ್ಲಿ ನಾವೇ ಅಳೆದ್ವಿ. ಅಣ್ಣ ಹಿಂದಿಂದ ಗಾಡಿ ಎತ್ತಿ ಹಿಡಿದ. ಆಕ್ಸಲಿನಿಂದ ಸೀಟಿನ ಹತ್ತಿರದ ಬೋಲ್ಟಿಗೆ ಅಮ್ಮ ಟೇಪ್ ಇಟ್ಟು ಓದಿದ್ರು, ನಾನು ಸೂಟ್, ಹೆಲ್ಮೆಟ್ ಹಾಕ್ಕೊಂಡು ಕೂತ ಮೇಲೆ ಮತ್ತೆ ಓದಿದ್ರು. ವ್ಯತ್ಯಾಸ 14 ಮಿಲಿಮೀಟರ್. ಬೇಕಿದ್ದು 30ರ ಆಸುಪಾಸು. ಪ್ರಿಲೋಡ್ ಪೂರ್ತಿ ಸಡಿಲ ಮಾಡಿದ್ರೂ 19 ದಾಟಲಿಲ್ಲ. ಸ್ಪ್ರಿಂಗ್ ನನ್ನಂಥವಳಿಗೆ ಗಟ್ಟಿ. ಗಟ್ಟಿ ಸ್ಪ್ರಿಂಗ್ ಮೇಲೆ ಹಗುರ ರೈಡರ್ ಕೂತು ಜೋರಾಗಿ ಬ್ರೇಕ್ ಹಿಡಿದ್ರೆ ಹಿಂದಿನ ಚಕ್ರಕ್ಕೆ ನೆಲದ ಮೇಲೆ ಭಾರಾನೇ ಇರಲ್ಲ. ಅದರ ಮೇಲೆ ಸಿಂಗಲ್ ಸಿಲಿಂಡರಿನ ಎಂಜಿನ್ ಬ್ರೇಕಿಂಗ್. ಕುಣಿಯದೆ ಇನ್ನೇನು ಮಾಡುತ್ತೆ?

ಮೆದು ಸ್ಪ್ರಿಂಗ್ ಹಾಕಿಸಿ, ಶಾಕ್ ಆಯಿಲ್ ಬದಲಾಯಿಸಿದ್ದಕ್ಕೆ 9,400. ಬೆಂಗಳೂರಿಗೆ ಕಳಿಸಿದ ಕೊರಿಯರ್‌ನೋರು ಮಧ್ಯೆ ಎಲ್ಲೋ ಪಾರ್ಸಲ್ ಕಳ್ಕೊಂಡು, ಒಂದು ರೌಂಡೇ ತಪ್ಪಿ ಹೋಯ್ತು. ಎಂಟ್ರಿ ಫೀಸ್ ವಾಪಸ್ ಬರಲ್ಲ. ಶಾಕ್ ವಾಪಸ್ ಬಂದ ಮೇಲೆ ಗಾಡಿ ಬೇರೆಯೇ ಆಯ್ತು. ಗೇರಿಂಗ್‌ಗೆ ದುಡ್ಡು ಹಾಕೋ ಮುಂಚೆ ಯೋಚನೆ ಮಾಡಿ. 15/45ರಲ್ಲಿ (ಚೈನ್ ಸ್ಪ್ರಾಕೆಟ್ ಹಲ್ಲು, ಮುಂದೆ 15, ಹಿಂದೆ 45) ಮುಂದೆ ಒಂದು ಹಲ್ಲು ಇಳಿಸಿದ್ರೆ ಹಿಂದೆ ಮೂರು ಹಲ್ಲು ಏರಿಸಿದ ಹಾಗೆ. ಕರಿಯಲ್ಲಿ ಸರಿ ಹೋಗುತ್ತೆ, ಮದ್ರಾಸ್ ಸ್ಟ್ರೇಟಲ್ಲಿ ಎಂಜಿನ್ ಲಿಮಿಟರಿಗೆ ಹೊಡೆದು ವೇಗ ಅಲ್ಲೇ ನಿಲ್ಲುತ್ತೆ.

ಬಿಎಂ_ರೋಡ್_310

ಸ್ಪ್ರಿಂಗಿಗೆ 9,400 ದಂಡ. ನಾನು ಸ್ಟಾಕ್ ಶಾಕಲ್ಲೇ ನಾಲ್ಕನೇ ಸ್ಥಾನ ಬಂದೆ. ಕುಣಿಯೋದು ಕ್ಲಚ್ ಬಿಡೋ ಸ್ಟೈಲಿಂದ.

ಪಿಟ್_ಬೋರ್ಡ್

ನಿಮ್ಮ ತೂಕ ಎಷ್ಟು?

ಬಿಎಂ_ರೋಡ್_310

84. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೈಮರ_ಕಾಫಿ

ಹ್ಹಹ್ಹ.

ಟೂಸ್ಟ್ರೋಕ್_ರಾಯರು

ಮೇಡಂ ಹೇಳಿದ್ದು ಸರಿ. ಆದ್ರೆ ಸ್ಪ್ರಿಂಗ್ ಬದಲಾಯಿಸೋಕೆ ಬೆಂಗಳೂರಿಗೆ ಯಾಕೆ ಕಳಿಸಬೇಕಿತ್ತು? ನಮ್ಮ ಕಾಲದಲ್ಲಿ ಮೈಸೂರಲ್ಲಿ ಐಡಿಯಲ್ ಜಾವಾ ಇತ್ತು. ಯೆಜ್ಡಿಗೆ ಏನು ಬೇಕಾದ್ರೂ ಅಲ್ಲೇ.

ತೋಟದ_ರ್ಯಾಲಿ (ಆಲ್ದೂರು)

ರಾಯರೇ, ಐಡಿಯಲ್ ಜಾವಾ ಮುಚ್ಚಿದ್ದು 1996ರಲ್ಲಿ. ಈ ಹುಡುಗರು ಹುಟ್ಟೇ ಇರಲಿಲ್ಲ.

ನಾನು ಒಂದು ಮಾತು ಹೇಳ್ತೀನಿ. ಚಿಕ್ಕಮಗಳೂರು ಅಂದ್ರೆ ರ್ಯಾಲಿ. ಏಷ್ಯಾ ಪೆಸಿಫಿಕ್ ರ್ಯಾಲಿನೇ ನಮ್ಮ ತೋಟದ ರಸ್ತೆಗೆ ಬಂದಿತ್ತು. ಡರ್ಟ್ ಓಡಿಸಿ. ಹಿಂದೆ ಜಾರೋದು ಹೆದರಿಕೆ ಹುಟ್ಟಿಸಲ್ಲ, ಗಾಡಿ ಬಿದ್ರೆ ಲಿವರ್ ಬಾಗುತ್ತೆ ಅಷ್ಟೇ, 400 ರೂಪಾಯಿ. ನಾನು ಹಳೇ ಹೀರೋ ಇಂಪಲ್ಸ್ ಬೈಕ್ ತಗೊಂಡು ಮಣ್ಣಲ್ಲಿ ಒಂದು ಮಳೆಗಾಲ ಒದ್ದಾಡಿ ಆಮೇಲೆ ಟ್ರ್ಯಾಕಿಗೆ ಹೋದೆ. ಡಾಂಬರಿನವರಿಗೆ ಇದು ಅರ್ಥ ಆಗಲ್ಲ.

ಬಿಎಂ_ರೋಡ್_310

ಡಾಂಬರಿನವರು ಅಂತ ಯಾಕೆ ಅಂತೀರಿ? ನಿಮ್ಮ ಕಾರ್ ರ್ಯಾಲಿಗೂ ಬೈಕ್ ರೇಸಿಗೂ ಏನು ಸಂಬಂಧ? ಎರಡು ಚಕ್ರದ ಮಾತಾಡಿ.

ತೋಟದ_ರ್ಯಾಲಿ

ನಾನು ಬರೆದಿದ್ದು ಇಂಪಲ್ಸ್ ಬಗ್ಗೆ. ಅದಕ್ಕೆ ಎರಡೇ ಚಕ್ರ. ಓದಿ ಬರೀರಿ.

ಹೇಮಾವತಿ_58

ಅಕ್ಕ, ನಿನ್ನೆ ನಾನೂ ಅಳೆದೆ. ಸೂಟ್ ಹಾಕ್ಕೊಂಡು 16. ಪ್ರಿಲೋಡ್ ಸಡಿಲ ಮಾಡಿದ್ರೆ 22. ಯಾವ ರೇಟಿನ, ಅಂದ್ರೆ ಎಷ್ಟು ಗಟ್ಟಿ ಇರೋ, ಸ್ಪ್ರಿಂಗ್ ಹಾಕಿಸಿದ್ರಿ?

ಇನ್ನೊಂದು ವಿಷಯ. ಮುಂದಿನ ಪ್ರಾಕ್ಟೀಸಿಗೆ ಕೊಯಮತ್ತೂರಿಗೆ ಹೋಗೋರು ಯಾರಾದ್ರೂ ಇದ್ರೆ ಪಿಕಪ್ ಹಂಚಿಕೊಳ್ಳೋಣ.

ಪಿಟ್_ಬೋರ್ಡ್

ರೇಟ್ ಬಿಲ್ಲಲ್ಲಿದೆ, ಹುಡುಕಿ ಹಾಕ್ತೀನಿ. ನನ್ನದೇ ಹಾಕಿಸಬೇಡಿ, ಆರು ಕೆಜಿ ವ್ಯತ್ಯಾಸ ಇದೆ. ಬ್ರೇಕ್ ಹಿಡಿಯೋವಾಗ ಸೀಟಿನ ಹಿಂಭಾಗಕ್ಕೆ ಸರಿದು ಕೂತು ನೋಡಿ, ಟ್ಯಾಂಕನ್ನ ಮೊಣಕಾಲಲ್ಲಿ ಒತ್ತಿ. ಅದು ಬಿಟ್ಟಿ.

ಬೇಲೂರು_ಪಿಕಪ್ (ಬೇಲೂರು)

ನನ್ನ ಗಾಡಿಯಲ್ಲಿ ಒಂದು ಜಾಗ ಇದೆ. ಹಾಸನದಿಂದ ಮೈಸೂರು, ಚಾಮರಾಜನಗರ, ದಿಂಬಂ ಮೇಲೆ ಹೋಗ್ತೀನಿ. ಡೀಸೆಲ್ ಅರ್ಧ ಅರ್ಧ.

ಕೈಮರ_ಕಾಫಿ

ದಿಂಬಂ ಘಾಟಲ್ಲಿ 27 ಹೇರ್‌ಪಿನ್ ಇದೆ. ಹಿಂದೆ ಕಟ್ಟಿದ ಬೈಕ್ ಏನಾಗುತ್ತೆ ಅಂತ ನನ್ನನ್ನ ಕೇಳಿ. ಕ್ಲಿಪ್ ಆನ್ ಹ್ಯಾಂಡಲ್ ಟ್ಯಾಂಕಿಗೆ ಒತ್ತಿ ಡೆಂಟ್ ಆಗಿತ್ತು, 2,800. ಬೆಂಗಳೂರು, ಸೇಲಂ ಮೇಲೆ ಹೋಗಿ.

ಬೇಲೂರು_ಪಿಕಪ್

ಸುಮ್ನೆ ಸುತ್ತು. ಟೋಲಿಗೆ ಯಾರಪ್ಪ ಕೊಡ್ತಾನೆ? ಸರಿಯಾಗಿ ಕಟ್ಟಿದ್ರೆ ಏನೂ ಆಗಲ್ಲ. ರಾತ್ರಿ ಕಾಡಲ್ಲಿ ಬಿಡಲ್ಲ, ಅದಕ್ಕೆ ಬೆಳಿಗ್ಗೆ 5ಕ್ಕೆ ಹಾಸನ ಬಿಡಬೇಕು. ಮತ್ತೆ ರ್ಯಾಚೆಟ್ ಸ್ಟ್ರಾಪ್ ನೀವೇ ತನ್ನಿ. ಹೋದ ಸಲ ನನ್ನ ಎರಡು ಸ್ಟ್ರಾಪ್ ವಾಪಸ್ ಬಂದಿಲ್ಲ. ಯಾರ ಹತ್ತಿರ ಇದೆ ಅಂತ ಮೇಲೆ ಬರೆದಿರೋರಲ್ಲೇ ಒಬ್ಬರಿಗೆ ಗೊತ್ತು.

ಬಿಎಂ_ರೋಡ್_310

ಒಂದೇ ಇರೋದು ನನ್ನ ಹತ್ತಿರ. ಇನ್ನೊಂದು ಕೈಮರದವರನ್ನ ಕೇಳಿ.