ಮರು: ನೌಕಾಪಡೆಯ ಹಳೇ ಪತ್ರಿಕೆ – ವಿವರದ ಚೀಟಿಗೆ ಪದ ಬೇಕು (ತುರ್ತು)

> ನಾಡಿದ್ದು ಪ್ರದರ್ಶನ. ಎರಡನೇ ಮಹಾಯುದ್ಧದ ಬ್ರಿಟಿಷ್ ಸಬ್‌ಮರೀನ್ ಪತ್ರಿಕೆ 'ಗುಡ್ ಮಾರ್ನಿಂಗ್'ನ ಒಂದು ಪ್ರತಿಗೆ ಚೀಟಿ ಬರೆಯಬೇಕು. 'ವಿಂಟೇಜ್ ಕಲೆಕ್ಟಿಬಲ್'ಗೆ ಏನು ಹಾಕಲಿ? ಪತ್ರಿಕೆಯಲ್ಲಿ ದಿನಾಂಕವೇ ಇಲ್ಲ, ಆ ಜಾಗ ಖಾಲಿ ಬಿಡಲಾ?

'ಪುರಾತನ' ಬೇಡವೇ ಬೇಡ. ಹಲ್ಮಿಡಿ ಶಾಸನಕ್ಕೆ ಆ ಮಾತು ಸರಿ, 1943–45ರ ಪೇಪರಿಗಲ್ಲ. 'ವಿಂಟೇಜ್' ಮೂಲದಲ್ಲಿ ದ್ರಾಕ್ಷಿ ಕೊಯ್ಲಿನ ಮಾತು, ನಮ್ಮಲ್ಲಿ ಹಳೇ ಕಾರಿಗೆ ಅಂಟಿಕೊಂಡಿದೆ, ಅಲ್ಲೇ ಇರಲಿ. 'ಸಂಗ್ರಹಯೋಗ್ಯ' ಮಾರುವವರಿಗೆ ಬೇಕಾದ ಪದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಅದು ಸಂಗ್ರಹದ್ದು ಅಂತ ಗೊತ್ತಾಗಲ್ವಾ? ಸುಮ್ನೆ 'ಯುದ್ಧಕಾಲದ ದಿನಪತ್ರಿಕೆ, ಆಗಿನ ಅಚ್ಚು' ಅಂತ ಬರೆಯಿರಿ. 'ಮೂಲ ಪ್ರತಿ' ಅಂದರೆ ಜನ ಹಸ್ತಪ್ರತಿ ಅಂದುಕೊಳ್ಳುತ್ತಾರೆ.

ದಿನಾಂಕದ ಜಾಗ ಮಾತ್ರ ಖಾಲಿ ಬಿಡಬೇಡಿ. ಈ ಪತ್ರಿಕೆಯ ವಿಶೇಷವೇ ಅಲ್ಲಿದೆ. ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯವರು ನೌಕಾಪಡೆಯ ಜೊತೆ ಸೇರಿ 1943ರಿಂದ 1945ರವರೆಗೆ ಇದನ್ನು ತಂದರು, ಒಟ್ಟು 924 ಸಂಚಿಕೆ. ಸಬ್‌ಮರೀನ್ ಹೊರಟರೆ ವಾರಗಟ್ಟಲೆ ದಡ ಕಾಣುವುದಿಲ್ಲ, ಹಾಗಾಗಿ ಮೊದಲೇ ಅಚ್ಚು ಹಾಕಿದ ಕಟ್ಟು ಕೊಟ್ಟು ಕಳಿಸುತ್ತಿದ್ದರು, ಒಳಗೆ ದಿನಕ್ಕೊಂದು ಹಂಚುತ್ತಿದ್ದರು. ಯಾವ ದಿನ ಯಾರ ಕೈಗೆ ಬರುತ್ತದೋ ಗೊತ್ತಿಲ್ಲದ ಕಾರಣ ದಿನಾಂಕದ ಬದಲು ಸಂಖ್ಯೆ ಹಾಕಿದರು. ಬಿಸಿ ಸುದ್ದಿಗೆ ಅಲ್ಲಿ ಜಾಗವೇ ಇರಲಿಲ್ಲ. ಕಥೆ, ಒಗಟು, 'ಜೇನ್' ಎಂಬ ಹುಡುಗಿಯ ಚಿತ್ರಕಥೆ, ಜೊತೆಗೆ ನಾವಿಕರ ಮನೆಯವರ ಫೋಟೊ ಮತ್ತು ಕ್ಷೇಮ ಸಮಾಚಾರ. ಹೆಂಡತಿ ಮಕ್ಕಳ ಮುಖ ನೀರಿನಡಿಯಲ್ಲಿ ಪೇಪರಲ್ಲಿ ನೋಡುವುದು ಅಂದರೆ ಏನು ಅಂತ ಯೋಚಿಸಿ! ಆದ್ದರಿಂದ 'ದಿನಾಂಕ' ತೆಗೆದು 'ಸಂಚಿಕೆ ಸಂಖ್ಯೆ' ಅಂತ ಮಾಡಿ, ಕೆಳಗೆ 'ಕಾಲ: 1943–45'.

ಇನ್ನು 'ನೌಕಾಪಡೆ' ಅರಿಸಮಾಸ, 'ಕಡಲಪಡೆ' ಅನ್ನಿ ಎಂದವರಿಗೆ. ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು, ಹೌದು. ಆಮೇಲೆ? 'ನೌಕಾನೆಲೆ'ಯೂ ಅರಿಸಮಾಸವೇ, ಕಾರವಾರದ ಸುದ್ದಿ ಬರೆಯುವ ಪ್ರತಿ ಪತ್ರಿಕೆ ಅದನ್ನೇ ಬಳಸುತ್ತದೆ, ಅದೇ ಊರಲ್ಲಿ ಜನ ಆ ನೆಲೆಗೆ, ಅದರ ಯೋಜನೆಯ ಹೆಸರಿಂದ, 'ಸೀಬರ್ಡ್' ಅಂತಲೂ ಅನ್ನುತ್ತಾರೆ. ಸಬ್‌ಮರೀನ್‌ಗೆ 'ಮುಳುಗುಹಡಗು' ಅಂತೂ ಆಗದ ಮಾತು. ಓದಿದವನಿಗೆ ಮುಳುಗುತ್ತಿರುವ ಹಡಗು ಕಾಣುತ್ತದೆ, ಎಷ್ಟೋ ಸಬ್‌ಮರೀನ್‌ಗಳು ನಿಜವಾಗಿಯೂ ಮರಳಿ ಬರಲಿಲ್ಲ, ಆ ನಾವಿಕರ ಪೇಪರಿನ ಪಕ್ಕ ಅದನ್ನು ಬರೆಯಬಾರದು. 'ಹಡಗು' ಅಚ್ಚ ಕನ್ನಡ, ಹಳೆಯ ಪಕಾರ ಹಕಾರವಾದದ್ದು, ತಮಿಳಲ್ಲಿ ಇವತ್ತೂ 'ಪಡಗು' ಇದೆ. ಆ ಪದದ ಮೇಲೆ ನನಗೂ ಪ್ರೀತಿ ಜಾಸ್ತಿ. ಪ್ರೀತಿ ಇದೆ ಅಂತ ಸಬ್‌ಮರೀನ್‌ಗೆ ಅದನ್ನು ತುರುಕಲು ಆಗುವುದಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಬಂದಾಗ 'ಮಂಗಳೂರ ಸಮಾಚಾರ' ಅಂತ ಹೆಸರಿಟ್ಟರು. 'ಸಮಾಚಾರ' ಸಂಸ್ಕೃತದ್ದು. ಕನ್ನಡಕ್ಕೆ ಅದರಿಂದ ಏನು ಕಡಿಮೆಯಾಯಿತು ಹೇಳಿ. 'ಜಲಾಂತರ್ಗಾಮಿ' ಪುಸ್ತಕದ ಪದ, ಬೇಕಾದರೆ ಹಾಕಿ, ನಾನಾದರೆ 'ಸಬ್‌ಮರೀನ್' ಅಂತಲೇ ಹಾಕುತ್ತೇನೆ, ಶಾಲೆ ಮಕ್ಕಳೂ ಬರುತ್ತಾರಲ್ಲ.

ಚೀಟಿ ಹೀಗಿರಲಿ:

'ಗುಡ್ ಮಾರ್ನಿಂಗ್. ಬ್ರಿಟಿಷ್ ನೌಕಾಪಡೆಯ ಸಬ್‌ಮರೀನ್ ನಾವಿಕರ ದಿನಪತ್ರಿಕೆ. ಸಂಚಿಕೆ ಸಂಖ್ಯೆ __. ಕಾಲ: 1943–45. ಆಗಿನ ಅಚ್ಚು.'

ಚೀಟಿಯನ್ನು ಪತ್ರಿಕೆಗೆ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಮರದ ತಿರುಳಿನ ಅಗ್ಗದ ಕಾಗದ ಅದು, ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಮೇಲಿನ ದೀಪ ಸ್ವಲ್ಪ ಮಂದ ಇಡಲು ಹೇಳಿ.